ಕಂಪ್ಯೂಟರನ್ನು ಎಬ್ಬಿಸುವ ಅಧಿಕಾರ ಮೌಸ್‌ಗೇಕೆ?

ಕೆಲಸ ಮುಗಿಸಿ ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಮಲಗಿರುತ್ತೇವೆ. ನಡುರಾತ್ರಿ ನೀರು ಕುಡಿಯಲು ಎದ್ದವರ ಕೈ ಮೇಜಿಗೆ ತಾಗುತ್ತದೆ. ಅಷ್ಟಕ್ಕೇ ಒಳಗಿನ ಫ್ಯಾನ್ ತಿರುಗತೊಡಗಿ, ಪರದೆ ಹೊತ್ತಿಕೊಂಡು ಕೋಣೆಯೆಲ್ಲ ಬೆಳಕಾಗುತ್ತದೆ. ಮೌಸ್ ಕೆಟ್ಟಿದೆಯೆಂದೋ ವೈರಸ್ ಹೊಕ್ಕಿದೆಯೆಂದೋ ಅನುಮಾನಿಸಿ ಹಲವರು ರಿಪೇರಿ ಅಂಗಡಿಗೆ ಓಡುತ್ತಾರೆ. ಆದರೆ ಅಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ‘ನೀನು ಅಲುಗಾಡಿದರೆ ನನ್ನನ್ನು ಎಬ್ಬಿಸು’ ಎಂದು ಮಲಗುವ ಮುನ್ನ ಕಂಪ್ಯೂಟರೇ ಮೌಸ್‌ಗೆ ಅಪ್ಪಣೆ ಕೊಟ್ಟಿರುತ್ತದೆ. ಆ ಅಪ್ಪಣೆಯನ್ನು ವಾಪಸು ಪಡೆಯಬಹುದು, ಪಡೆಯುವುದೇ ಒಳ್ಳೆಯದು.

ಕಂಪ್ಯೂಟರ್ ಮಲಗುವುದೆಂದರೆ ಏನು ಎಂಬುದಕ್ಕೆ ಲಿಖಿತ ನಿಯಮವೇ ಇದೆ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ 1996ರಲ್ಲಿ ಎಸಿಪಿಐ ಎಂಬ ಮಾನದಂಡವನ್ನು ಹೊರತಂದವು. ಅದರಲ್ಲಿ ನಿದ್ದೆಗೆ ಹಲವು ಮೆಟ್ಟಿಲುಗಳಿವೆ. ನಾವು ಸಾಮಾನ್ಯವಾಗಿ ಸ್ಲೀಪ್ ಎನ್ನುವುದು ಎಸ್3 ಎಂಬ ಮೆಟ್ಟಿಲನ್ನು. ಅಲ್ಲಿ ಪ್ರೊಸೆಸರ್‌ಗೆ ವಿದ್ಯುತ್ತಿಲ್ಲ, ಫ್ಯಾನ್‌ಗಿಲ್ಲ, ಡಿಸ್ಕ್‌ಗೂ ಇಲ್ಲ. ರ್‍ಯಾಮ್‌ಗೆ ಮಾತ್ರ ಇದೆ. ನಾವು ತೆರೆದಿಟ್ಟ ಕಡತಗಳು, ಅರ್ಧ ಬರೆದ ಪತ್ರ ಎಲ್ಲವೂ ಅದರಲ್ಲಿ ವಿದ್ಯುದಾವೇಶದ ರೂಪದಲ್ಲಿ ಕೂತಿರುತ್ತವೆ. ಆ ಆವೇಶ ಸದಾ ಸೋರಿಹೋಗುತ್ತಿರುವುದರಿಂದ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಅದನ್ನು ತುಂಬಿಕೊಡಬೇಕು. ಯಂತ್ರ ಮಲಗಿದ್ದಾಗಲೂ ಈ ಕೆಲಸ ನಿಲ್ಲುವುದಿಲ್ಲ. ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಬಿಚ್ಚಿ ನೋಡಿದವರಿಗೆ ತಂತಿಗಳ ನಡುವೆ ನೇರಳೆ ಬಣ್ಣದ್ದೊಂದು ಕಂಡಿರಬಹುದು. ಉಳಿದ ತಂತಿಗಳೆಲ್ಲ ಸತ್ತಿರುವಾಗಲೂ ಅದರಲ್ಲಿ ಮಾತ್ರ ಐದು ವೋಲ್ಟ್ ಹರಿಯುತ್ತಲೇ ಇರುತ್ತದೆ. ಮಲಗಿದ ಕಂಪ್ಯೂಟರಿಗೆ ಬೇಕಾದ ಅಲ್ಪಸ್ವಲ್ಪ ಶಕ್ತಿಯ ಮೂಲ ಅದೇ, ಮೌಸ್‌ನ ಪಾಲೂ ಅಲ್ಲಿಂದಲೇ.

ಇನ್ನು ಮೌಸ್ ಕಡೆಗೆ ಬರೋಣ. ಯುಎಸ್‌ಬಿಯಲ್ಲಿ ಯಾವ ಸಾಧನ ಸಿಕ್ಕಿಸಿದರೂ ಅದು ಮೊದಲು ತನ್ನ ಪರಿಚಯ ಹೇಳಿಕೊಳ್ಳಬೇಕು. ಆ ಪರಿಚಯದಲ್ಲಿ ಒಂದೇ ಒಂದು ಬಿಟ್ ‘ನನಗೆ ಎಬ್ಬಿಸಲು ಬರುತ್ತದೆ’ ಎಂಬುದನ್ನು ಸೂಚಿಸುತ್ತದೆ. ಬರುತ್ತದೆ ಎಂದ ಮಾತ್ರಕ್ಕೆ ಹಕ್ಕು ಸಿಗುವುದಿಲ್ಲ. ನಿಯಮದ ಪ್ರಕಾರ ಆ ಹಕ್ಕು ಮೊದಲಿಗೆ ಇಲ್ಲದೇ ಇರುತ್ತದೆ. ಆಪರೇಟಿಂಗ್ ಸಿಸ್ಟಮ್ ಆದೇಶ ಕಳಿಸಿ ಅದನ್ನು ಚಾಲೂ ಮಾಡಬೇಕು. ‘ಐದಕ್ಕೆ ಎಬ್ಬಿಸು’ ಎಂದು ಮನೆಯವರಿಗೆ ಹೇಳಿ ಮಲಗುತ್ತೇವಲ್ಲ, ಹಾಗೆ.

ಎಚ್ಚರವಿದ್ದಾಗ ಕಂಪ್ಯೂಟರ್ ಪ್ರತಿ ಮಿಲಿಸೆಕೆಂಡಿಗೊಮ್ಮೆ ಯುಎಸ್‌ಬಿ ತಂತಿಯಲ್ಲಿ ಒಂದು ಚಿಕ್ಕ ಸಂಕೇತ ಕಳಿಸುತ್ತಿರುತ್ತದೆ. ಅದು ಮೂರು ಮಿಲಿಸೆಕೆಂಡು ಬರದಿದ್ದರೆ ಯಜಮಾನ ಮಲಗಿದನೆಂದು ಮೌಸ್ ಅರಿತುಕೊಂಡು ತಾನೂ ಉಪವಾಸಕ್ಕೆ ಇಳಿಯುತ್ತದೆ. ಎಚ್ಚರದಲ್ಲಿ ಯುಎಸ್‌ಬಿ 2.0 ಸಾಧನವೊಂದು 500 ಮಿಲಿಆಂಪಿಯರ್‌ವರೆಗೂ ಕರೆಂಟ್ ಎಳೆಯಬಹುದು. ಈ ಸ್ಥಿತಿಯಲ್ಲಿ 2.5 ಮಿಲಿಆಂಪಿಯರ್ ದಾಟುವಂತಿಲ್ಲ. ಅಷ್ಟರಲ್ಲೇ ಅದು ಕಾವಲು ಕಾಯಬೇಕು. ಅಲುಗಾಟ ಕಂಡಕೂಡಲೇ 1ರಿಂದ 15 ಮಿಲಿಸೆಕೆಂಡು ಕಾಲ ತಂತಿಯ ವೋಲ್ಟೇಜನ್ನು ನಿಗದಿಯಾದೊಂದು ಸ್ಥಿತಿಯಲ್ಲಿ ಹಿಡಿದಿಡುತ್ತದೆ. ಮದರ್‌ಬೋರ್ಡ್ ಅದನ್ನು ಗುರುತಿಸಿ ಪವರ್ ಸಪ್ಲೈಯನ್ನು ಪೂರ್ತಿ ಚಾಲೂ ಮಾಡುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನ ಈ ಸಂಕೇತದಲ್ಲಿ ಮೌಸ್ ಎಷ್ಟು ದೂರ ಸರಿಯಿತು, ಯಾರು ಸರಿಸಿದರು ಎಂಬ ಯಾವ ವಿವರವೂ ಇರುವುದಿಲ್ಲ. ಎದ್ದೇಳು ಎಂಬುದಷ್ಟೇ ಅದರ ಅರ್ಥ. ಹಾಗಾಗಿ ಸಣ್ಣ ಅದುರಾಟವನ್ನು ಕಡೆಗಣಿಸೋಣ ಎಂದು ತೀರ್ಮಾನಿಸುವ ಅವಕಾಶ ಮಲಗಿದ ಕಂಪ್ಯೂಟರಿಗೆ ಇಲ್ಲ.

ಅಲುಗಾಟ ಕಾಣುವುದಾದರೂ ಹೇಗೆ? ಇಂದಿನ ಮೌಸ್‌ನ ಹೊಟ್ಟೆಯಡಿ ಒಂದು ಪುಟ್ಟ ಕ್ಯಾಮೆರಾ ಇದೆ. 1999ರ ಸುಮಾರಿಗೆ ಅಂಗಡಿಗೆ ಬಂದು ಚೆಂಡಿನ ಮೌಸ್‌ಗಳನ್ನು ಬದಿಗೆ ಸರಿಸಿದ್ದು ಇದೇ ತಂತ್ರ. ಅಂದಿನ ಸಾಧಾರಣ ಸಂವೇದಕವೊಂದರ ಚಿತ್ರದಲ್ಲಿ ಅಡ್ಡಕ್ಕೆ 18, ಉದ್ದಕ್ಕೆ 18 ಚುಕ್ಕಿಗಳು ಮಾತ್ರ, ಆದರೆ ಸೆಕೆಂಡಿಗೆ 1,500 ಚಿತ್ರಗಳು. ಬದಿಯಿಂದ ಬೀಳುವ ಕೆಂಪು ಬೆಳಕಿನಲ್ಲಿ ಮೇಜಿನ ಉಬ್ಬುತಗ್ಗು ನೆರಳು ಚೆಲ್ಲುತ್ತದೆ. ಹಿಂದಿನ ಚಿತ್ರದಲ್ಲಿದ್ದ ನೆರಳು ಈಗಿನದರಲ್ಲಿ ಎತ್ತ ಸರಿದಿದೆ ಎಂದು ಒಳಗಿನ ಚಿಪ್ ಹೋಲಿಸಿ ನೋಡುತ್ತದೆ. ಕಂಪ್ಯೂಟರ್ ಮಲಗಿದ ಮೇಲೆ ಶಕ್ತಿ ಉಳಿಸಲು ಚಿತ್ರಗಳ ನಡುವೆ ಬಿಡುವು ಹೆಚ್ಚುತ್ತದೆ, ಹೋಲಿಕೆ ಮಾತ್ರ ನಡೆದೇ ಇರುತ್ತದೆ. ಇದರಲ್ಲೇ ಎಡವಟ್ಟು. ಗಾಜಿನ ಅಥವಾ ನುಣುಪಾದ ಸನ್‌ಮೈಕಾ ಮೇಜಿನ ಮೇಲೆ ಹಿಡಿದುಕೊಳ್ಳಲು ನೆರಳೇ ಸಾಲದೆ ಸಂವೇದಕ ತಡವರಿಸುತ್ತದೆ. ಮಸೂರದ ಗುಳಿಯಲ್ಲಿ ಸಿಕ್ಕಿಕೊಂಡ ಒಂದು ಕೂದಲು ಫ್ಯಾನಿನ ಗಾಳಿಗೆ ನಡುಗಿದರೂ ಮೌಸ್ ಚಲಿಸಿದಂತೆ ತೋರಬಹುದು. ಕೆಳಗಿನ ರಸ್ತೆಯಲ್ಲಿ ಲಾರಿ ಹೋದಾಗ ಮೇಜು ಅದುರಿದರೆ ಅದು ಸುಳ್ಳೂ ಅಲ್ಲ, ನಿಜವಾದ ಚಲನೆಯೇ.

ನನ್ನ ವಾದ ಇಷ್ಟು. ಕೀಲಿಮಣೆಯ ಗುಂಡಿ ಸಾಮಾನ್ಯವಾಗಿ ತಾನಾಗಿ ಒತ್ತಿಕೊಳ್ಳುವುದಿಲ್ಲ, ಅದರ ಹಿಂದೊಂದು ಬೆರಳು, ಒಂದು ಇರಾದೆ ಇರುತ್ತದೆ. ಮೌಸ್‌ನ ಚಲನೆಗೆ ಅಂಥ ಖಾತರಿಯಿಲ್ಲ. ಎಬ್ಬಿಸುವ ಕೆಲಸ ಕೀಲಿಮಣೆಗಿರಲಿ, ಮೌಸ್‌ಗೆ ಬೇಡ. ಸುಮ್ಮನೆ ಎಚ್ಚರವಿರುವ ಡೆಸ್ಕ್‌ಟಾಪ್ 60 ವಾಟ್ ಉಣ್ಣುತ್ತದೆ ಎಂದಿಟ್ಟುಕೊಂಡರೂ ರಾತ್ರಿಯ ಎಂಟು ಗಂಟೆಗೆ ಹತ್ತಿರ ಹತ್ತಿರ ಅರ್ಧ ಯೂನಿಟ್ಟು. ಕರೆಂಟ್ ಹೋದ ಹೊತ್ತಿನಲ್ಲಿ ಎದ್ದು ಕೂತರಂತೂ ಯುಪಿಎಸ್‌ನ ಬ್ಯಾಟರಿ ಬರಿದಾಗಿ, ಉಳಿಸದ ಕೆಲಸವೂ ಹೋದೀತು.

ವಿಂಡೋಸ್‌ನಲ್ಲಿ ಮೊದಲು ಎಬ್ಬಿಸಿದ್ದು ಮೌಸೇ ಹೌದೇ ಎಂದು ಖಚಿತಪಡಿಸಿಕೊಳ್ಳಿ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆಯ ನಂತರ ಲಾಸ್ಟ್‌ವೇಕ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಕೊನೆಯ ಸಲ ಎಬ್ಬಿಸಿದವರು ಯಾರೆಂದು ಅದು ಸಾಮಾನ್ಯವಾಗಿ ಹೇಳುತ್ತದೆ. ಅಲ್ಲಿ ನೆಟ್‌ವರ್ಕ್ ಕಾರ್ಡ್ ಕಂಡರೆ ಮೌಸ್ ನಿರಪರಾಧಿ. ಮೌಸ್ ಎಂದಾದರೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಅದರ ಪ್ರಾಪರ್ಟೀಸ್ ತೆರೆಯಿರಿ. ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ‘ಅಲೌ ದಿಸ್ ಡಿವೈಸ್ ಟು ವೇಕ್ ದ ಕಂಪ್ಯೂಟರ್’ ಎಂಬುದರ ಮುಂದಿನ ಟಿಕ್ ತೆಗೆಯಿರಿ. ಮುಂದಿನ ಸಲ ಮಲಗುವಾಗ ವಿಂಡೋಸ್ ಆ ಅಪ್ಪಣೆ ಕೊಡುವುದಿಲ್ಲ.

ವೈರ್‌ಲೆಸ್ ಮೌಸ್‌ನಲ್ಲಿ ಇದು ಸ್ವಲ್ಪ ಕೈಕೊಡುತ್ತದೆ. ಅಲ್ಲಿ ಎಬ್ಬಿಸುವುದು ಮೌಸ್ ಅಲ್ಲ, ಯುಎಸ್‌ಬಿ ಕಿಂಡಿಯಲ್ಲಿ ಕೂತ ಉಗುರಿನಷ್ಟು ಡಾಂಗಲ್. ಹಲವು ಡಾಂಗಲ್‌ಗಳು ತಮ್ಮನ್ನು ಮೌಸ್ ಎಂದೂ ಕೀಲಿಮಣೆ ಎಂದೂ ಎರಡೆರಡು ಹೆಸರಲ್ಲಿ ಪರಿಚಯಿಸಿಕೊಳ್ಳುತ್ತವೆ. ಮೌಸ್‌ನ ಟಿಕ್ ತೆಗೆದರೂ ಕೀಲಿಮಣೆಯ ಹೆಸರಲ್ಲಿ ಸಿಕ್ಕ ಅಪ್ಪಣೆ ಉಳಿದುಬಿಡುತ್ತದೆ. ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು ಡಾಂಗಲ್ ಕಿತ್ತು ನೋಡಿ. ಪಟ್ಟಿಯಿಂದ ಯಾವ ಯಾವ ಹೆಸರು ಮಾಯವಾಯಿತೋ ಅವೆಲ್ಲ ಅದರವೇ. ಮತ್ತೆ ಸಿಕ್ಕಿಸಿ ಒಂದೊಂದರ ಟಿಕ್ ತೆಗೆಯಿರಿ. ಕೀಲಿಮಣೆಯೂ ಅದೇ ಡಾಂಗಲ್‌ನಲ್ಲಿದ್ದರೆ ಪವರ್ ಬಟನ್ ಒತ್ತಿಯೇ ಎಬ್ಬಿಸಬೇಕಾದೀತು.

ಲಿನಕ್ಸ್ ಬಳಸುವವರಿಗೆ ಎಬ್ಬಿಸಬಲ್ಲ ಪ್ರತಿ ಯುಎಸ್‌ಬಿ ಸಾಧನದ ಕಡತಕೋಶದಲ್ಲಿ ವೇಕಪ್ ಎಂಬ ಪುಟ್ಟ ಕಡತ ಸಿಗುತ್ತದೆ. ಅದರೊಳಗಿನ ‘ಎನೇಬಲ್ಡ್’ ಪದವನ್ನು ‘ಡಿಸೇಬಲ್ಡ್’ ಎಂದು ಬದಲಿಸಿದರಾಯಿತು. ರೀಬೂಟ್ ಆದಾಗ ಬದಲಾವಣೆ ಅಳಿಸಿಹೋಗುವುದರಿಂದ ಯುಡೆವ್ ನಿಯಮವಾಗಿ ಬರೆದಿಡಬೇಕು. ಎಸಿಪಿಐ ಪಟ್ಟಿಯಲ್ಲಿ ಇಡೀ ಯುಎಸ್‌ಬಿ ನಿಯಂತ್ರಕದ ಎಬ್ಬಿಸುವ ಹಕ್ಕನ್ನೇ ತೆಗೆಯುವ ಅಡ್ಡದಾರಿಯೂ ಇದೆ, ಆದರೆ ಆಗ ಅದೇ ನಿಯಂತ್ರಕದ ಕೀಲಿಮಣೆಗೂ ಎಬ್ಬಿಸಲು ಆಗುವುದಿಲ್ಲ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಲವು ಎಸ್3 ಮೆಟ್ಟಿಲನ್ನೇ ಬಿಟ್ಟು, ಫೋನಿನಂತೆ ಅರೆಎಚ್ಚರದಲ್ಲಿರುವ ಮಾಡರ್ನ್ ಸ್ಟ್ಯಾಂಡ್‌ಬೈಗೆ ಹೋಗಿವೆ. ಅವುಗಳಲ್ಲಿ ಪವರ್ ಮ್ಯಾನೇಜ್‌ಮೆಂಟ್ ಪುಟವೇ ಕಾಣಿಸದಿರಬಹುದು. ಅಂಥವರು ರಾತ್ರಿ ಹೈಬರ್ನೇಟ್ ಮಾಡಲಿ. ರ್‍ಯಾಮ್‌ನಲ್ಲಿರುವುದನ್ನೆಲ್ಲ ಡಿಸ್ಕ್‌ಗೆ ಬರೆದಿಟ್ಟು ಯಂತ್ರ ಆರಿಹೋಗುತ್ತದೆ. ಏಳಲು ಕೆಲವು ಸೆಕೆಂಡು ಹೆಚ್ಚು ಹಿಡಿದೀತು, ಆದರೆ ಬಹುತೇಕ ಯಂತ್ರಗಳಲ್ಲಿ ಮೌಸ್ ಎಷ್ಟು ಅಲುಗಿದರೂ ಪವರ್ ಬಟನ್ ಒತ್ತುವ ತನಕ ಅದು ಏಳುವುದಿಲ್ಲ.