ಬೆಂಗಳೂರಿನಲ್ಲಿ ನಾಟಕ ವೀಕ್ಷಿಸಲು ತಂಡವಾಗಿ ತೆರಳುವ ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿಯ ನಾಗರಿಕರಿಗೆ ಮಾಹಿತಿ

ಹಾವೇರಿ ಜಿಲ್ಲೆಯ ಜನತೆಗೆ ನಾಟಕ ಹೊಸದಲ್ಲ. 1997ರಲ್ಲಿ ಧಾರವಾಡದಿಂದ ಪ್ರತ್ಯೇಕಗೊಂಡು ಜಿಲ್ಲೆಯಾಗುವುದಕ್ಕೆ ಬಹಳ ಮೊದಲೇ ಇಲ್ಲಿನ ಜಾತ್ರೆಗಳಲ್ಲಿ ದೊಡ್ಡಾಟ, ಸಣ್ಣಾಟ ಹಾಗೂ ಕಂಪನಿ ನಾಟಕಗಳು ನಡೆಯುತ್ತಿದ್ದವು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ನಾಟಕ ಮಂಡಳಿಯನ್ನು ನಡೆಸಿ, ತಾವೇ ನಾಟಕಗಳನ್ನು ರಚಿಸಿದ ಪಂಡಿತ ಪುಟ್ಟರಾಜ ಗವಾಯಿಗಳು ಜನಿಸಿದ್ದು ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ. ಅದೇ ತಾಲ್ಲೂಕಿನ ಶೇಷಗಿರಿ ಗ್ರಾಮದ ಯುವಕರ ತಂಡವು ಹಳ್ಳಿಯಲ್ಲಿದ್ದುಕೊಂಡೇ ರಂಗಚಟುವಟಿಕೆಯನ್ನು ನಡೆಸಿಕೊಂಡು ಬಂದಿದೆ.

ಆದಾಗ್ಯೂ ಊರಿನಲ್ಲಿ ನಾಟಕ ನೋಡುವುದಕ್ಕೂ ರಾಜಧಾನಿಗೆ ತಂಡವಾಗಿ ತೆರಳಿ ನಾಟಕ ನೋಡುವುದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಊರಿನ ಕಂಪನಿ ನಾಟಕವು ಊಟವಾದ ನಂತರ ಪ್ರಾರಂಭವಾಗುತ್ತದೆ. ತಡವಾಗಿ ಬಂದವರಿಗೂ ಅಲ್ಲಿ ಜಾಗ ಸಿಗುತ್ತದೆ. ಬೆಂಗಳೂರಿನ ಕೆಲವು ರಂಗಮಂದಿರಗಳಲ್ಲಿ ಮೂರನೆಯ ಗಂಟೆ ಬಾರಿಸಿದ ಮೇಲೆ ಬಾಗಿಲು ತೆರೆಯುವುದಿಲ್ಲ. ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣಿಸಿ, ಹತ್ತು ನಿಮಿಷ ತಡವಾದ ಕಾರಣಕ್ಕೆ ನಲವತ್ತು ಜನರು ಹೊರಗೆ ನಿಲ್ಲಬೇಕಾದಲ್ಲಿ ಹಣದೊಂದಿಗೆ ಉತ್ಸಾಹವೂ ನಷ್ಟವಾಗುತ್ತದೆ. ಆದ್ದರಿಂದ ಸ್ವಸಹಾಯ ಸಂಘಗಳು, ಯುವಕ ಮಂಡಳಗಳು, ನಿವೃತ್ತ ನೌಕರರ ಸಂಘಗಳು ಮತ್ತು ಶಾಲೆಗಳು ಮೊದಲು ಪ್ರದರ್ಶನದ ವೇಳೆಯನ್ನೂ ಹಿಂದಿರುಗುವ ವಾಹನವನ್ನೂ ನಿಶ್ಚಯಿಸಿಕೊಂಡು, ತದನಂತರ ಆ ವೇಳೆಗೆ ಹೊಂದುವ ನಾಟಕವನ್ನು ಆರಿಸುವುದು ಸೂಕ್ತ. ಬಹುತೇಕ ತಂಡಗಳು ಇದನ್ನು ತಿರುವುಮುರುವಾಗಿ ಮಾಡುತ್ತವೆ.

ಭಾನುವಾರದ ಮಧ್ಯಾಹ್ನದ ಪ್ರದರ್ಶನ

ಜಿಲ್ಲೆಯ ತಂಡಗಳಿಗೆ ಅತ್ಯಂತ ಅನುಕೂಲಕರವಾದುದು ವಾರಾಂತ್ಯದ ಮಧ್ಯಾಹ್ನದ ಪ್ರದರ್ಶನ. ಬೆಂಗಳೂರಿನ ಜೆ.ಪಿ. ನಗರ 2ನೇ ಹಂತದಲ್ಲಿರುವ ರಂಗಶಂಕರದಲ್ಲಿ ಸೋಮವಾರ ಹೊರತುಪಡಿಸಿ ಪ್ರತಿದಿನ ನಾಟಕ ನಡೆಯುವುದು ರೂಢಿ. ಸಾಮಾನ್ಯವಾಗಿ ಸಂಜೆ 7.30ಕ್ಕೆ ಪ್ರಾರಂಭವಾಗುವ ಪ್ರದರ್ಶನದ ಜೊತೆಗೆ, ವಾರಾಂತ್ಯದಲ್ಲಿ ಮಧ್ಯಾಹ್ನ 3.30ರ ಪ್ರದರ್ಶನವೂ ಇರುತ್ತದೆ. ನಟ ಶಂಕರನಾಗ್ ಅವರ ಸ್ಮರಣಾರ್ಥ ನಿರ್ಮಾಣವಾಗಿ 2004ರಲ್ಲಿ ಪ್ರಾರಂಭವಾದ ಈ ರಂಗಮಂದಿರದಲ್ಲಿ ಆಸನಗಳು ಮುನ್ನೂರಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಐವತ್ತು ಜನರ ತಂಡವೆಂದರೆ ಸಭಾಂಗಣದ ಆರನೆಯ ಒಂದು ಭಾಗ. ಆದ ಕಾರಣ ಇಷ್ಟು ಟಿಕೆಟುಗಳು ಅದೇ ದಿನ ಕಿಟಕಿಯಲ್ಲಿ ದೊರೆಯುತ್ತವೆಂದು ನಂಬಿ ಹೊರಡುವುದು ಸರಿಯಲ್ಲ. ತಡವಾಗಿ ಬಂದವರಿಗೆ ಪ್ರವೇಶವಿಲ್ಲವೆಂಬ ನಿಯಮವನ್ನು ಇಲ್ಲಿ ಯಾವುದೇ ರಿಯಾಯಿತಿ ಇಲ್ಲದೆ ಪಾಲಿಸಲಾಗುತ್ತದೆ. ದೂರದ ಊರಿನಿಂದ ಬಂದವರೆಂಬ ವಿನಂತಿಯೂ ನಡೆಯುವುದಿಲ್ಲ. ಮೊಬೈಲ್ ಫೋನುಗಳನ್ನು ಪೂರ್ಣವಾಗಿ ಬಂದ್ ಮಾಡತಕ್ಕದ್ದು.

ಶನಿವಾರ ರಾತ್ರಿ ಹಾವೇರಿ ಅಥವಾ ರಾಣೇಬೆನ್ನೂರಿನಿಂದ ರೈಲಿನಲ್ಲಿ ಹೊರಟು ಭಾನುವಾರ ಬೆಳಿಗ್ಗೆ ಬೆಂಗಳೂರು ತಲುಪಿದಲ್ಲಿ, ಬೆಳಗಿನ ಅವಧಿಯನ್ನು ಲಾಲ್‌ಬಾಗಿನಲ್ಲಿ ಕಳೆದು, ಮಧ್ಯಾಹ್ನದ ಊಟ ಮುಗಿಸಿ, ಮೂರು ಗಂಟೆಯೊಳಗೆ ರಂಗಮಂದಿರದಲ್ಲಿರಬಹುದು. ನಾಟಕ ಮುಗಿಯುವುದು ಸುಮಾರು 5.30ಕ್ಕೆ. ರಾತ್ರಿ ರೈಲಿಗೆ ಸಾಕಷ್ಟು ಸಮಯ ಉಳಿಯುತ್ತದೆ ಮತ್ತು ವಸತಿಗೃಹದ ವೆಚ್ಚ ಬರುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದುಡಿಯುವವರಿಗೆ ಈ ಕ್ರಮ ವಿಶೇಷವಾಗಿ ಹೊಂದುತ್ತದೆ. ಸೋಮವಾರ ಮತ್ತು ಗುರುವಾರ ಅಲ್ಲಿ ವಹಿವಾಟಿನ ದಿನಗಳಾಗಿದ್ದು, ಭಾನುವಾರ ರಾತ್ರಿ ಹೊರಟವರು ಸೋಮವಾರ ಬೆಳಿಗ್ಗೆ ಊರು ಸೇರುತ್ತಾರೆ. ಆದರೆ ಆವಕ ಹೆಚ್ಚಿರುವ ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳಲ್ಲಿ ಇದನ್ನೂ ನೆಚ್ಚಿಕೊಳ್ಳುವಂತಿಲ್ಲ. ರೈಲು ಎರಡು ಗಂಟೆ ತಡವಾದರೆ ಲಿಲಾವಿನ ವೇಳೆ ತಪ್ಪುತ್ತದೆ.

ರವೀಂದ್ರ ಕಲಾಕ್ಷೇತ್ರ ಮತ್ತು ಅದರ ಆವರಣ

ಜೆ.ಸಿ. ರಸ್ತೆಯಲ್ಲಿರುವ ರವೀಂದ್ರ ಕಲಾಕ್ಷೇತ್ರವು ಕವಿ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗಾಗಿ ನಿರ್ಮಾಣಗೊಂಡು 1963ರಲ್ಲಿ ಉದ್ಘಾಟನೆಯಾಯಿತು. ಇದು ರಂಗಶಂಕರಕ್ಕಿಂತ ಬಹಳ ದೊಡ್ಡದು. ಇದರ ಹಿಂಬದಿಯಲ್ಲಿ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರವಿದೆ. ಪಕ್ಕದ ಕನ್ನಡ ಭವನದಲ್ಲಿ ನಯನ ಎಂಬ ಚಿಕ್ಕ ಸಭಾಂಗಣವಿದೆ. 1972ರಲ್ಲಿ ಬಿ.ವಿ. ಕಾರಂತರು ಈ ಹಿಂಬದಿಯ ಬಯಲಿನಲ್ಲಿಯೇ ‘ಜೋಕುಮಾರಸ್ವಾಮಿ’, ‘ಈಡಿಪಸ್’ ಮತ್ತು ‘ಸಂಕ್ರಾಂತಿ’ ನಾಟಕಗಳನ್ನು ಆಡಿಸಿದರು. ಕನ್ನಡದ ಹವ್ಯಾಸಿ ರಂಗಭೂಮಿಯು ಹೊಸ ದಿಕ್ಕು ಹಿಡಿದದ್ದು ಆ ಪ್ರದರ್ಶನಗಳಿಂದ ಎಂದು ರಂಗಾಸಕ್ತರು ಇಂದಿಗೂ ಸ್ಮರಿಸುತ್ತಾರೆ.

ಇಲ್ಲಿ ನಾಗರಿಕರು ಸಾಮಾನ್ಯವಾಗಿ ಎಡವುವುದು ಒಂದು ವಿಷಯದಲ್ಲಿ. ಕಲಾಕ್ಷೇತ್ರವು ತಂಡಗಳಿಗೆ ಬಾಡಿಗೆಗೆ ದೊರೆಯುವ ಸಭಾಂಗಣವಾಗಿದೆ. ಖಾಸಗಿ ತಂಡಗಳ ನಾಟಕಕ್ಕೆ ಟಿಕೆಟು ನೀಡುವುದು, ಆಸನ ಕಾಯ್ದಿರಿಸುವುದು ಹಾಗೂ ಪ್ರದರ್ಶನ ರದ್ದಾದಲ್ಲಿ ಹಣ ಹಿಂದಿರುಗಿಸುವುದು ನಾಟಕವಾಡುವ ತಂಡದ ಜವಾಬ್ದಾರಿ. ಸಭಾಂಗಣದ ಕಛೇರಿಗೆ ಅರ್ಜಿ ಸಲ್ಲಿಸಿ ಉತ್ತರಕ್ಕಾಗಿ ಕಾಯುವುದರಿಂದ ಪ್ರಯೋಜನವಿಲ್ಲ. ತಂಡದ ದೂರವಾಣಿ ಸಂಖ್ಯೆ ಭಿತ್ತಿಪತ್ರದಲ್ಲಿ ಅಥವಾ ಪ್ರಕಟಣೆಯಲ್ಲಿ ಇರುತ್ತದೆ. ಅವರನ್ನೇ ಸಂಪರ್ಕಿಸಿ, ತಂಡದ ಸಂಖ್ಯೆಯನ್ನು ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಉತ್ತಮ. ಸರ್ಕಾರಿ ಉತ್ಸವಗಳಲ್ಲಿ ಪ್ರವೇಶ ಉಚಿತವಾಗಿರುವುದುಂಟು. ಉಚಿತ ಪ್ರವೇಶವೆಂದರೆ ಮೊದಲು ಬಂದವರಿಗೆ ಆಸನ ಎಂದೇ ಅರ್ಥ. ನಲವತ್ತು ಜನ ಒಟ್ಟಿಗೆ ಕುಳಿತುಕೊಳ್ಳಬೇಕಾದಲ್ಲಿ ಒಂದು ಗಂಟೆ ಮುಂಚಿತವಾಗಿ ತಲುಪತಕ್ಕದ್ದು. ದುರಸ್ತಿ ಕಾರ್ಯಕ್ಕಾಗಿ ಸಭಾಂಗಣಗಳನ್ನು ಆಗಾಗ್ಗೆ ಮುಚ್ಚಲಾಗುವುದರಿಂದ, ನಾಟಕದ ಹೆಸರಿನ ಜೊತೆಗೆ ಸ್ಥಳವನ್ನೂ ಖಚಿತಪಡಿಸಿಕೊಳ್ಳಬೇಕು.

ಯಾವ ನಾಟಕವನ್ನು ಆರಿಸಬಹುದು

ಹೊಸ ನಾಟಕಗಳ ಗುಣವನ್ನು ಮುಂಚಿತವಾಗಿ ಹೇಳಲಾಗದು. ಆದರೆ ದಶಕಗಳಿಂದ ಮರುಪ್ರದರ್ಶನ ಕಾಣುತ್ತ ಬಂದ ಕೆಲವು ನಾಟಕಗಳಿವೆ. ಇವುಗಳಲ್ಲಿ ಯಾವುದಾದರೂ ಪ್ರಕಟಣೆಯಲ್ಲಿ ಕಂಡುಬಂದಲ್ಲಿ ಮೊದಲ ಬಾರಿಗೆ ತೆರಳುವ ತಂಡಗಳು ಅದನ್ನೇ ಆರಿಸಬಹುದು.

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯು ಉತ್ತರ ಕರ್ನಾಟಕದ ಆಡುಮಾತಿನಲ್ಲಿದ್ದು, ಜೋಕುಮಾರನ ಹಬ್ಬದ ಆಚರಣೆಯನ್ನು ಬಲ್ಲ ಬ್ಯಾಡಗಿ, ಹಾವೇರಿಯ ಪ್ರೇಕ್ಷಕರು ಬೆಂಗಳೂರಿನ ಪ್ರೇಕ್ಷಕರಿಗಿಂತ ಮೊದಲೇ ನಗುವ ಸಂದರ್ಭಗಳು ಅದರಲ್ಲಿ ಅನೇಕ. ಆದರೆ ಅದು ವಯಸ್ಕರ ನಾಟಕ. ಶಾಲಾ ಮಕ್ಕಳಿಗೆ ತಕ್ಕುದಲ್ಲ. ಶ್ರೀರಂಗರ ‘ಸತ್ತವರ ನೆರಳು’ ಮತ್ತು ಗಿರೀಶ ಕಾರ್ನಾಡರ ‘ಹಯವದನ’ಗಳನ್ನು ಬೆನಕ ತಂಡವು ಕಾರಂತರ ಸಂಗೀತದೊಂದಿಗೆ ಉಳಿಸಿಕೊಂಡು ಬಂದಿದೆ. ದಾಸರ ಪದಗಳಿಂದ ತುಂಬಿರುವ ‘ಸತ್ತವರ ನೆರಳು’ ಮಠದ ಅಧಿಕಾರದ ಜಗಳವನ್ನು ಕುರಿತದ್ದು. ಭಜನಾ ಮಂಡಳಿಗಳ ಸದಸ್ಯರಿಗೆ ಹಾಡುಗಳು ಪರಿಚಿತವಾಗಿದ್ದು, ಕಥೆ ಮಾತ್ರ ಕೆಲವರಿಗೆ ಕಹಿ ಎನಿಸಬಹುದು.

ಕಾರ್ನಾಡರ ‘ತಲೆದಂಡ’ವು ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆ. ಅಂಬಿಗರ ಚೌಡಯ್ಯನವರ ನೆಲೆಯೆಂದು ಪ್ರಸಿದ್ಧವಾದ ಚೌಡಯ್ಯದಾನಪುರವು ರಾಣೇಬೆನ್ನೂರು ತಾಲ್ಲೂಕಿನಲ್ಲಿಯೇ ಇರುವುದರಿಂದ ಈ ಭಾಗದ ತಂಡಗಳಿಗೆ ಅದರ ಹಿನ್ನೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಹಗುರವಾದ ಸಂಜೆಯನ್ನು ಬಯಸುವವರಿಗೆ ಕಲಾಗಂಗೋತ್ರಿ ತಂಡದ ‘ಮುಖ್ಯಮಂತ್ರಿ’ ಇದೆ. 1980ರಲ್ಲಿ ಮೊದಲು ಪ್ರದರ್ಶನಗೊಂಡ ಈ ನಾಟಕದಿಂದಲೇ ನಟ ಚಂದ್ರು ಅವರಿಗೆ ‘ಮುಖ್ಯಮಂತ್ರಿ’ ಎಂಬ ಹೆಸರು ಅಂಟಿಕೊಂಡಿತು.

ಕುವೆಂಪು ಅವರ ಕಾದಂಬರಿಯನ್ನು ಆಧರಿಸಿದ ‘ಮಲೆಗಳಲ್ಲಿ ಮದುಮಗಳು’ ನಾಟಕವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿಯೂ, ನಂತರದ ವರ್ಷಗಳಲ್ಲಿ ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿಯೂ ನಡೆದ ಇದು ರಾತ್ರಿಯಿಡೀ ಸಾಗುವ ಪ್ರದರ್ಶನ. ಬಯಲಿನ ಬೇರೆ ಬೇರೆ ರಂಗಸ್ಥಳಗಳಿಗೆ ಪ್ರೇಕ್ಷಕರೇ ಎದ್ದು ನಡೆಯಬೇಕು. ಜಾತ್ರೆಯಲ್ಲಿ ಬೆಳಗಿನವರೆಗೆ ಆಟ ನೋಡಿದವರಿಗೆ ಇದು ಕಷ್ಟವಲ್ಲ. ಮತ್ತೆ ಪ್ರದರ್ಶನ ಏರ್ಪಟ್ಟಲ್ಲಿ ವಸತಿಯ ಅವಶ್ಯಕತೆಯೂ ಇರುವುದಿಲ್ಲ. ಆದರೆ ಮಂಡಿನೋವಿರುವ ಹಿರಿಯರು ವಿಚಾರ ಮಾಡಿ ಹೊರಡತಕ್ಕದ್ದು, ಹೊದಿಕೆ ಅವಶ್ಯ.

ಮಕ್ಕಳ ತಂಡಗಳಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆಧರಿಸಿದ ಪ್ರಯೋಗಗಳು ಅಥವಾ ವೈದೇಹಿಯವರ ಮಕ್ಕಳ ನಾಟಕಗಳು ಸೂಕ್ತ.

ಪ್ರಯಾಣ

ರೈಲಿನಲ್ಲಿ 60 ದಿನ ಮುಂಚಿತವಾಗಿ ಮಾತ್ರ ಆಸನ ಕಾಯ್ದಿರಿಸಬಹುದು. 2024ರ ನವೆಂಬರ್ 1ಕ್ಕೆ ಮೊದಲು ಈ ಅವಧಿ 120 ದಿನಗಳಾಗಿತ್ತು. ಒಂದು ಅರ್ಜಿಯಲ್ಲಿ ಗರಿಷ್ಠ ಆರು ಪ್ರಯಾಣಿಕರಿಗೆ ಅವಕಾಶವಿರುವುದರಿಂದ ದೊಡ್ಡ ತಂಡಗಳು ಸಾಮೂಹಿಕ ಕಾಯ್ದಿರಿಸುವಿಕೆಗಾಗಿ ಸದಸ್ಯರ ಹೆಸರು, ವಯಸ್ಸುಗಳ ಪಟ್ಟಿಯೊಂದಿಗೆ ರೈಲ್ವೆ ಕಾಯ್ದಿರಿಸುವ ಕೇಂದ್ರದಲ್ಲಿ ವಿಚಾರಿಸಬೇಕು. ಹಿರಿಯ ನಾಗರಿಕರಿಗೆ ಇದ್ದ ದರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಹಿಂಪಡೆಯಲಾಗಿದ್ದು, ಹಳೆಯ ಲೆಕ್ಕದಲ್ಲಿ ಹಣ ಸಂಗ್ರಹಿಸಿದ ತಂಡಗಳಿಗೆ ಕೊರತೆ ಬೀಳುತ್ತದೆ. ಬ್ಯಾಡಗಿಯಲ್ಲಿ ಎಲ್ಲ ವೇಗದೂತ ರೈಲುಗಳೂ ನಿಲ್ಲುವುದಿಲ್ಲವಾದ ಕಾರಣ ಅಲ್ಲಿನವರು ಹಾವೇರಿ ಅಥವಾ ರಾಣೇಬೆನ್ನೂರಿನಿಂದ ಹತ್ತಬೇಕಾಗಬಹುದು. ಹಿಂದಿರುಗುವ ರೈಲು ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದಲೋ, ಯಶವಂತಪುರದಿಂದಲೋ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದಲೋ ಎಂಬುದನ್ನು ಟಿಕೆಟಿನಲ್ಲಿ ನೋಡಿಕೊಳ್ಳಿ. ಇವು ಒಂದಕ್ಕೊಂದು ದೂರದಲ್ಲಿವೆ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಅನ್ವಯ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ, ಗುರುತಿನ ಚೀಟಿ ತೋರಿಸಿ, ಉಚಿತವಾಗಿ ಪ್ರಯಾಣಿಸಬಹುದು. ರಾಜಹಂಸ, ಸ್ಲೀಪರ್ ಮತ್ತು ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ತಂಡವೇ ಇಡೀ ಬಸ್ಸನ್ನು ಒಪ್ಪಂದದ ಮೇಲೆ ಪಡೆದಾಗಲೂ ಉಚಿತ ಪ್ರಯಾಣದ ಪ್ರಶ್ನೆ ಬರುವುದಿಲ್ಲ; ಮಹಿಳಾ ಸಂಘಗಳು ಈ ಅಂಶವನ್ನು ಮೊದಲೇ ಸದಸ್ಯರಿಗೆ ತಿಳಿಸುವುದು ಒಳಿತು. ಒಪ್ಪಂದದ ಬಸ್ಸಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಸ್ಥಳೀಯ ಘಟಕದಲ್ಲಿ ಅರ್ಜಿ ಸಲ್ಲಿಸಬೇಕು. ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂಬ ಲೆಕ್ಕದಲ್ಲಿ ದರ ವಿಧಿಸಲಾಗುವುದರಿಂದ, ಹಾವೇರಿಯಿಂದ ಹೋಗಿ ಬರುವ ಸುಮಾರು 680 ಕಿಲೋಮೀಟರಿನ ಜೊತೆಗೆ ನಗರದೊಳಗಿನ ಓಡಾಟವನ್ನೂ ಸೇರಿಸಿ ಅಂದಾಜು ಪಡೆಯತಕ್ಕದ್ದು.

ನಗರದೊಳಗೆ ಬಸ್ಸಿಗಿಂತ ಮೆಟ್ರೊ ವಿಶ್ವಾಸಾರ್ಹ. ತುಮಕೂರು ರಸ್ತೆಯ ಉದ್ದಕ್ಕೂ ಹಸಿರು ಮಾರ್ಗವಿದ್ದು, 2024ರ ನವೆಂಬರ್‌ನಿಂದ ಅದು ಮಾದಾವರದವರೆಗೆ ವಿಸ್ತರಣೆಯಾಗಿದೆ. ಹೆದ್ದಾರಿಯಲ್ಲಿ ಬರುವವರು ನಗರದ ಅಂಚಿನಲ್ಲಿಯೇ ಇಳಿದು ಮೆಟ್ರೊ ಹತ್ತಬಹುದು. ಕಲಾಕ್ಷೇತ್ರಕ್ಕೆ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ಸ್ವಲ್ಪ ದೂರ ನಡೆಯಬೇಕು. ರಂಗಶಂಕರಕ್ಕೆ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ರಾಗಿಗುಡ್ಡದಲ್ಲಿ ಇಳಿಯುವುದು ಹತ್ತಿರ; ಹಳದಿ ಮಾರ್ಗದ ಸಂಚಾರ ಪ್ರಾರಂಭವಾದದ್ದು 2025ರ ಆಗಸ್ಟ್‌ನಲ್ಲಿ. ಅಲ್ಲಿಂದ ಆಟೊ ದೊರೆಯುತ್ತದೆ.

ಶಾಲಾ ತಂಡಗಳು

ಶಾಲೆಗಳು ಪ್ರವಾಸಕ್ಕೆ ಶಿಕ್ಷಣ ಇಲಾಖೆಯ ಪೂರ್ವಾನುಮತಿಯನ್ನು, ಪಾಲಕರ ಲಿಖಿತ ಒಪ್ಪಿಗೆಯೊಂದಿಗೆ, ಪಡೆಯಬೇಕು. ಮಕ್ಕಳೊಂದಿಗೆ ರಾತ್ರಿ ಬಸ್ ಪ್ರಯಾಣವನ್ನು ತಪ್ಪಿಸಬೇಕಾಗಿರುವುದರಿಂದ ಸಂಜೆ 7.30ರ ನಾಟಕವೆಂದರೆ ಬೆಂಗಳೂರಿನಲ್ಲಿ ಒಂದು ರಾತ್ರಿಯ ವಸತಿ ಎಂದೇ ತಿಳಿಯಬೇಕು. ಇಷ್ಟು ವೆಚ್ಚ ಭರಿಸಲಾಗದ ಶಾಲೆಗಳಿಗೆ ಹಾವೇರಿಯಿಂದ ಸುಮಾರು 95 ಕಿಲೋಮೀಟರ್ ದೂರದ ಧಾರವಾಡದ ರಂಗಾಯಣವು ಹತ್ತಿರದ ಆಯ್ಕೆ. ಅಲ್ಲದೆ ಹೆಗ್ಗೋಡಿನ ನೀನಾಸಮ್‌ನ ತಿರುಗಾಟ ಮತ್ತು ಸಾಣೇಹಳ್ಳಿಯ ಶಿವಸಂಚಾರ ತಂಡಗಳು ಊರೂರಿಗೆ ಬಂದು ನಾಟಕವಾಡುತ್ತವೆ. ಮಕ್ಕಳು ಅಲ್ಲಿ ಒಮ್ಮೆ ಎರಡು ಗಂಟೆ ಕುಳಿತು ನೋಡಿದ ನಂತರವೇ ದೂರದ ಪ್ರವಾಸವನ್ನು ಯೋಜಿಸುವುದು ವಿವೇಕ.

ಮೈಸೂರಿನ ರಂಗಾಯಣದ ಬಹುರೂಪಿ ಉತ್ಸವಕ್ಕೆ ಹೋಗಬಯಸುವ ತಂಡಗಳು ಗಮನಿಸಬೇಕಾದುದೇನೆಂದರೆ, ಇತ್ತೀಚಿನ ವರ್ಷಗಳಲ್ಲಿ ಅದು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಬೇರೆ ಬೇರೆ ತಿಂಗಳುಗಳಲ್ಲಿ ನಡೆದಿದೆ. ಹಿಂದಿನ ವರ್ಷದ ದಿನಾಂಕವನ್ನು ನಂಬಿ ರೈಲು ಟಿಕೆಟು ಪಡೆಯಬಾರದು.

ಹೊರಡುವ ಹಿಂದಿನ ದಿನ ತಂಡದ ಮುಖ್ಯಸ್ಥರು ನಾಟಕ ತಂಡಕ್ಕೆ ದೂರವಾಣಿ ಕರೆ ಮಾಡಿ ದಿನಾಂಕ, ವೇಳೆ ಮತ್ತು ಸಭಾಂಗಣ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಪ್ರತಿ ಸದಸ್ಯರೂ ಗುರುತಿನ ಚೀಟಿಯನ್ನೂ, ತಂಡದ ಮುಖ್ಯಸ್ಥರ ಹಾಗೂ ಜೊತೆಗಾರರೊಬ್ಬರ ಮೊಬೈಲ್ ಸಂಖ್ಯೆ ಬರೆದ ಚೀಟಿಯನ್ನೂ ಜೊತೆಯಲ್ಲಿಟ್ಟುಕೊಳ್ಳಬೇಕು. ನಾಟಕದ ವೇಳೆ ಫೋನುಗಳು ಬಂದ್ ಆಗಿರುವುದರಿಂದ, ಮುಗಿದ ಮೇಲೆ ಎಲ್ಲರೂ ಸೇರುವ ಸ್ಥಳವನ್ನು ಒಳಗೆ ಹೋಗುವ ಮೊದಲೇ ತೋರಿಸಿಕೊಡಬೇಕು.