ಕುಗ್ಗುವ ಅಳತೆಗೋಲು

ಗೋಡೆ ಕಟ್ಟುವವನ ಕೈಯಲ್ಲಿರುವ ಅಳತೆಗೋಲು ದಿನದಿನಕ್ಕೂ ಕುಗ್ಗುತ್ತ ಹೋಗುವುದೆಂದು ಭಾವಿಸೋಣ. ನಿನ್ನೆ ಹತ್ತು ಗೋಲು ಉದ್ದವಿದ್ದ ಗೋಡೆ ಇಂದು ಹನ್ನೊಂದು ಗೋಲಾಗುತ್ತದೆ, ಗೋಡೆಯೇನೂ ಬೆಳೆದಿರುವುದಿಲ್ಲ. ಇಂಥ ಗೋಲನ್ನು ನಂಬಿ ಮನೆ ಕಟ್ಟಲು ಸಾಧ್ಯವೆ? 1993ರಲ್ಲಿ ಬ್ರೆಜಿಲ್ ದೇಶದ ಹಣದ ಸ್ಥಿತಿ ಹೀಗೆಯೇ ಇದ್ದಿತು. ಆ ಒಂದು ವರ್ಷದಲ್ಲಿ ಬೆಲೆಗಳು ಸುಮಾರು 25 ಪಟ್ಟಿಗೆ ಏರಿದವು. ಆಗ ದೇಶದ ಅಧ್ಯಕ್ಷರಾಗಿದ್ದವರು ಒಬ್ಬ ಇಂಜಿನಿಯರು: ಇಟಾಮಾರ್ ಫ್ರಾಂಕೊ.

ಇಟಾಮಾರ್ 1930ರಲ್ಲಿ ಕರಾವಳಿಯಲ್ಲಿ ಸಾಗುತ್ತಿದ್ದ ಹಡಗೊಂದರಲ್ಲಿ ಜನಿಸಿದರು. ಬೆಳೆದದ್ದು ಮಿನಾಸ್ ಜೆರಾಯಿಸ್ ರಾಜ್ಯದ ಜುಯಿಜ್ ದೆ ಫೋರಾ ನಗರದಲ್ಲಿ. ಅಲ್ಲಿಯೇ 1955ರಲ್ಲಿ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದು, 1967ರಲ್ಲಿ ಅದೇ ನಗರದ ಮೇಯರ್ ಆದರು. 1975ರಲ್ಲಿ ಸೆನೆಟ್ ಸದಸ್ಯರಾದರು. 1990ರಲ್ಲಿ ಉಪಾಧ್ಯಕ್ಷ ಪದವಿಗೇರಿದರು. ಭ್ರಷ್ಟಾಚಾರದ ಆಪಾದನೆಗೆ ಗುರಿಯಾದ ಅಧ್ಯಕ್ಷ ಕೊಲ್ಲೊರ್ 1992ರ ಡಿಸೆಂಬರಿನಲ್ಲಿ ರಾಜೀನಾಮೆಯಿತ್ತಾಗ ರಾಷ್ಟ್ರದ ಹೊಣೆ ಪೂರ್ಣವಾಗಿ ಇವರ ಹೆಗಲಿಗೆ ಬಿದ್ದಿತು.

ಈ ರೋಗಕ್ಕೆ ಮೊದಲೇ ಮದ್ದುಗಳು ನಡೆದಿದ್ದವು. 1986ರಿಂದೀಚೆಗೆ ಸರ್ಕಾರಗಳು ಮತ್ತೆ ಮತ್ತೆ ಬೆಲೆಗಳನ್ನು ಕಾನೂನಿನಿಂದ ಕಟ್ಟಿಹಾಕಿದವು. ಕಟ್ಟು ಸಡಿಲವಾದೊಡನೆ ಬೆಲೆಗಳು ಮತ್ತೆ ಚಿಮ್ಮಿದವು. ಇದಕ್ಕೆ ಕಾರಣವಿದೆ. ಕಳೆದ ತಿಂಗಳು ಬೆಲೆ ಎಷ್ಟು ಏರಿತೋ ಅಷ್ಟನ್ನು ಈ ತಿಂಗಳ ಸಂಬಳಕ್ಕೂ ಬಾಡಿಗೆಗೂ ಸೇರಿಸುವುದು ಅಲ್ಲಿ ರೂಢಿಯಾಗಿತ್ತು. ಹೀಗಾಗಿ ನಿನ್ನೆಯ ಏರಿಕೆಯೇ ಇಂದಿನ ಏರಿಕೆಗೆ ಹೆತ್ತತಾಯಿ. ಉರುಳುವ ಚಕ್ರದ ಮುಂದೆ ಕಲ್ಲಿಟ್ಟರೆ ಅದು ಕ್ಷಣಕಾಲ ನಿಂತೀತು. ಆದರೆ ಇಳಿಜಾರು ಹಾಗೆಯೇ ಉಳಿಯುತ್ತದೆ.

ಎಂಟು ತಿಂಗಳೊಳಗೆ ಮೂವರು ಹಣಕಾಸು ಮಂತ್ರಿಗಳನ್ನು ಕಂಡ ಇಟಾಮಾರ್, 1993ರ ಮೇ ತಿಂಗಳಲ್ಲಿ ಸಮಾಜಶಾಸ್ತ್ರಜ್ಞರಾದ ಫೆರ್ನಾಂಡೊ ಹೆನ್ರಿಕ್ ಕಾರ್ಡೊಸೊ ಅವರನ್ನು ಆ ಸ್ಥಾನಕ್ಕೆ ಕರೆದರು. ಕಾರ್ಡೊಸೊ ಕೂಡಿಸಿದ ಅರ್ಥಶಾಸ್ತ್ರಜ್ಞರು ಸರ್ಕಾರದ ವೆಚ್ಚವನ್ನು ಹತೋಟಿಗೆ ತರಲು ತೊಡಗಿ, ಜೊತೆಗೆ ಒಂದು ವಿಚಿತ್ರ ಉಪಾಯವನ್ನು ಹೂಡಿದರು. ಹಳೆಯ ಗೋಲಿನ ಪಕ್ಕದಲ್ಲಿ ಕುಗ್ಗದ ಹೊಸ ಗೋಲೊಂದನ್ನು ಇರಿಸಿದರು! ಅದರ ಹೆಸರು ಯು.ಆರ್.ವಿ., ಎಂದರೆ ವಾಸ್ತವ ಮೌಲ್ಯಮಾನ. ಅದು ನೋಟೂ ಅಲ್ಲ, ನಾಣ್ಯವೂ ಅಲ್ಲ, ಬರಿಯ ಲೆಕ್ಕ. ಅದರ ಬೆಲೆ ಸುಮಾರಾಗಿ ಒಂದು ಅಮೆರಿಕನ್ ಡಾಲರಿಗೆ ಸಮ. 1994ರ ಮಾರ್ಚ್ 1ರಂದು ಒಂದು ಯು.ಆರ್.ವಿ.ಗೆ 647.50 ಕ್ರುಜೇರೊ ರೆಯಾಲ್. ಕೇಂದ್ರ ಬ್ಯಾಂಕು ಈ ದರವನ್ನು ದಿನವೂ ಸಾರುತ್ತಿತ್ತು. ಸಂಬಳ, ಕರಾರು, ಬೆಲೆಗಳೆಲ್ಲ ಕ್ರಮೇಣ ಈ ಮಾನದಲ್ಲಿ ನಮೂದಾದವು. ಹಣ ಎಣಿಸುವಾಗ ಮಾತ್ರ ಹಳೆಯ ನೋಟು. ಸರಕಿನ ಬೆಲೆ ಹೆಚ್ಚು ಕಡಮೆ ನಿಂತಲ್ಲೇ ನಿಂತಿದೆ, ಕುಗ್ಗುತ್ತಿರುವುದು ನೋಟು ಎಂಬುದು ಜನರಿಗೆ ಕಣ್ಣಾರೆ ತಿಳಿಯಿತು.

ಜುಲೈ 1ರ ಹೊತ್ತಿಗೆ ದರ 2,750ಕ್ಕೆ ಮುಟ್ಟಿತ್ತು. ಅಂದು ಯು.ಆರ್.ವಿ.ಯೇ ‘ರೆಯಾಲ್’ ಎಂಬ ನಿಜವಾದ ನಾಣ್ಯವಾಗಿ ಮಾರ್ಪಟ್ಟಿತು. ಹಳೆಯ ನೋಟುಗಳು ತೆರೆಮರೆಗೆ ಸರಿದವು. ಜೂನ್ ತಿಂಗಳೊಂದರಲ್ಲೇ ಶೇಕಡ 47ರಷ್ಟಿದ್ದ ಬೆಲೆಯೇರಿಕೆ ಆಗಸ್ಟಿನಲ್ಲಿ ಶೇಕಡ 2ಕ್ಕೂ ಕೆಳಗಿಳಿಯಿತು.

ಈ ಉಪಾಯದ ಕರ್ತೃ ಇಟಾಮಾರ್ ಅಲ್ಲವೆಂಬುದನ್ನು ಮರೆಯಲಾಗದು. ತಜ್ಞರನ್ನು ನಂಬಿ ರಾಜಕೀಯ ಬೆಂಬಲವನ್ನಿತ್ತದ್ದು ಅವರ ಪಾಲು. 1995ರ ಜನವರಿಯಲ್ಲಿ ಚುನಾವಣೆ ಗೆದ್ದ ಕಾರ್ಡೊಸೊ ಅವರಿಗೇ ಅಧಿಕಾರವನ್ನು ಒಪ್ಪಿಸಿದರು. ವಿಚಿತ್ರವೆಂದರೆ, 1999ರಲ್ಲಿ ಮಿನಾಸ್ ಜೆರಾಯಿಸಿನ ಗವರ್ನರ್ ಆದ ಇಟಾಮಾರ್, ಕೇಂದ್ರಕ್ಕೆ ಸಲ್ಲಬೇಕಾದ ಸಾಲದ ಕಂತನ್ನು ತಡೆಹಿಡಿದರು. ಮೊದಲೇ ಬಳಲಿದ್ದ ರೆಯಾಲಿನ ಮೇಲಿನ ವಿಶ್ವಾಸ ಅದರಿಂದ ಇನ್ನಷ್ಟು ಅಲುಗಿತು. ಅದೇ ತಿಂಗಳು ಅದರ ವಿನಿಮಯದರ ಕುಸಿಯಿತು. ಆದರೂ ನಾಣ್ಯ ಅಳಿಯಲಿಲ್ಲ. 2011ರಲ್ಲಿ ಇಟಾಮಾರ್ ತೀರಿಕೊಂಡರು. ಬ್ರೆಜಿಲಿನ ಜನ ಇಂದಿಗೂ ರೆಯಾಲಿನಲ್ಲಿಯೇ ಲೆಕ್ಕ ಮಾಡುತ್ತಾರೆ. ಗೋಲು ನೆಟ್ಟಗಿದ್ದರೆ ಮನೆ ತಾನಾಗಿ ಏಳುವುದಿಲ್ಲ, ನಿಜ; ಆದರೆ ಗೋಲೇ ಇಲ್ಲದೆ ಯಾವ ಮನೆಯೂ ಏಳದು.