ಹೊಸದಾಗಿ ತಂದ ಮೊಲ ಹೆದರಿದೆಯೇ?
ಬೆಟ್ಟಂಪಾಡಿಯ ಕಡೆ ಮಕ್ಕಳ ಆಸೆಗೆಂದು ತಂದ ಮೊಲವು ಗೂಡಿನ ಮೂಲೆಯಲ್ಲಿ ಅಲುಗಾಡದೆ ಕುಳಿತರೆ, ‘ಪಾಪದ ಪ್ರಾಣಿ, ಒಗ್ಗಿಕೊಂಡಿತು’ ಎಂದುಕೊಳ್ಳುವುದುಂಟು. ಕಿವಿಗಳನ್ನು ಬೆನ್ನಿಗೊತ್ತಿ, ಕಣ್ಣರಳಿಸಿ, ಮೈ ಬಿಗಿಹಿಡಿದಿದ್ದರೆ ಅದು ಹೆದರಿದೆ ಎಂದೇ ತಿಳಿಯಿರಿ. ಹಿಂಗಾಲು ಬಡಿದರೆ ನಾಯಿ ಸುಳಿದಿದೆಯೇ ನೋಡಿರಿ. ಕಾಲು ಚಾಚಿ ಮಲಗುವುದು ನೆಮ್ಮದಿಯ ಗುರುತು. ಆದರೆ ಜೊತೆಗೆ ಏದುಸಿರಿದ್ದರೆ ಅದು ಸೆಕೆ. ಮೊಲ ಬೆವರುವುದಿಲ್ಲ, ಗೂಡನ್ನು ಅಡಿಕೆ ತೋಟದ ನೆರಳಿಗೆ ಸರಿಸಿರಿ.

ಮೊದಲ ಕೆಲವು ದಿನ ಎತ್ತಿ ಮುದ್ದಿಸಬೇಡಿರಿ. ಕಿವಿ ಹಿಡಿದಂತೂ ಎತ್ತಲೇಬಾರದು; ಕೊಸರಾಡಿ ಒದ್ದರೆ ಅದರ ಬೆನ್ನುಮೂಳೆಯೇ ಮುರಿದೀತು.

ಹಿಕ್ಕೆಯನ್ನು ದಿನವೂ ಗಮನಿಸಿರಿ. ಹೆದರಿದ ಮೊಲ ಮೇವು ಬಿಡುತ್ತದೆ, ಮೇವು ಬಿಟ್ಟರೆ ಕರುಳಿನ ಚಲನೆ ನಿಲ್ಲುತ್ತದೆ. 12 ಗಂಟೆ ಕಾಲ ಹುಲ್ಲು ಮುಟ್ಟದೆ, ಹಿಕ್ಕೆ ಹಾಕದೆ, ಹಲ್ಲು ಕಡಿಯುತ್ತ ಮುದುಡಿದ್ದರೆ ತಡಮಾಡದೆ ಪುತ್ತೂರಿನ ಪಶುವೈದ್ಯರಲ್ಲಿಗೆ ಒಯ್ಯಿರಿ.